ಹಿತ್ತಾಳೆಯ ಕೆಳಗಿನ ಮರ

"ಒರಳಲ್ಲಿ ಮುಖ ತೊಳೀತಾರಂತೆ ಕಣಮ್ಮ," ಕದಿರಮ್ಮ ತ್ರಿವೇಣಿಯ ಕಿವಿಯ ಹತ್ತಿರ ಹೇಳಿದಳು. "ಹಂಗಾದ್ರೆ ಚಟ್ನಿ ಎಲ್ಲಿ ರುಬ್ತಾರೋ, ಬಚ್ಚಲಲ್ಲೋ?"

ತ್ರಿವೇಣಿ ನಗಲಿಲ್ಲ. ಒರಳುಕಲ್ಲಿಗೆ ತೂತು ಕೊರೆಸಿ ವಾಶ್ ಬೇಸಿನ್ ಮಾಡಿಸಬೇಕೆಂದು ಬೆಂಗಳೂರಿನ ಗಂಡಹೆಂಡಿರು ಅಂಗಡಿಯವನ ಹತ್ತಿರ ಮಾತಾಡುತ್ತಿದ್ದರು. ಕೆಲವು ತಿಂಗಳ ಹಿಂದೆ ಅವಳೂ ಅಲ್ಲೇ ನಿಂತು, ಅದೇ ಉತ್ಸಾಹದಲ್ಲಿ ಮಾತಾಡಿದ್ದಳು. ಈಗ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಹಳೇ ಬೀರುವಿನ ಮರೆಯಲ್ಲಿ ನಿಂತಿದ್ದಳು. ಗುರುತಿನವರು ಯಾರಾದರೂ ಕಂಡಾರು ಎಂಬ ಅಳುಕು.

ಹಿಂದೂಪುರದ ಅಂಚಿನ ಆ ತಗಡಿನ ಶೆಡ್ಡಿನಲ್ಲಿ, ಕೆಡವಿದ ಮನೆಗಳೆಲ್ಲ ಬಿಡಿಬಿಡಿಯಾಗಿ ಬಂದು ನಿಂತಿದ್ದವು. ಕಂಬ ಒಂದು ಕಡೆ, ಕಿಟಕಿ ಒಂದು ಕಡೆ. ತೊಟ್ಟಿಲ ಸರಪಳಿ, ಪಿಂಗಾಣಿ ಜಾಡಿ, ನಿಂತುಹೋದ ಗಡಿಯಾರ. ಯಾರದೋ ಮನೆಯ ದೇವರ ಗೂಡಿನಲ್ಲಿ ಮನಿಪ್ಲಾಂಟ್ ಬೆಳೆದಿತ್ತು. ನೇಕಾರರ ಮಗ್ಗದ ಹಳೇ ಹಣಿಗೆಯೊಂದಕ್ಕೆ ಬಲ್ಬು ಜೋಡಿಸಿ ಗೋಡೆಗೆ ತೂಗುಹಾಕಿದ್ದರು.

ಆ ಹಣಿಗೆಯ ಮುಂದೆ ಕದಿರಮ್ಮ ಸ್ವಲ್ಪ ಹೊತ್ತು ನಿಂತಳು. ಪೊಲೀಸ್ ಕೆಲಸಕ್ಕೆ ಸೇರಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದರೂ ಅವಳು ಮಗ್ಗದ ಮನೆಯವಳು. ಗಂಡ ಸುಬ್ಬರಾಯಪ್ಪ ಸಾಯುವವರೆಗೂ ನೇಯ್ದ ಮಗ್ಗ ಹಿತ್ತಲ ಕೊಟ್ಟಿಗೆಯಲ್ಲಿತ್ತು. ಗೆದ್ದಲು ತಿಂದುಬಿಟ್ಟಿದೆ, ಒಲೆಗೆ ಹಾಕಿಸಿಬಿಟ್ಟೆ ಎಂದು ಹೋದ ವರ್ಷ ಮಗ ಹೇಳಿದ. ಆ ದಿನ ಅವಳಿಗೆ ಅನ್ನ ಇಳಿದಿರಲಿಲ್ಲ.

"ನಾನು ಆವತ್ತು ಈ ಅಂಗಡಿಗೆ ಬರದೇ ಇದ್ದಿದ್ರೆ..." ಎಂದಳು ತ್ರಿವೇಣಿ.

"ಬಂದಾಗೋಯ್ತು. ಈಗ ತಲೆ ಮೇಲಿಂದ ಆ ಬಟ್ಟೆ ತೆಗಿ. ಕದ್ದೋಳು ನೀನಲ್ಲ."

ಬಟ್ಟೆ ತೆಗೆಯಲು ಆಕೆಗೆ ಕೈ ಬರಲಿಲ್ಲ. ಕಲ್ಯಾಣದುರ್ಗದಲ್ಲಿ ಅವಳ ತಂದೆ ಸೋಮಶೇಖರಪ್ಪನವರು ಕಟ್ಟಿಸಿದ ಮನೆಯ ಗೃಹಪ್ರವೇಶದ ದಿನ, ಬಂಧುಬಳಗವೆಲ್ಲ ನೋಡುತ್ತಿದ್ದಂತೆ ಸರ್ವಮಂಗಳಮ್ಮ ಎಂಬ ಮುದುಕಿ ಹೊಸ್ತಿಲ ಮುಂದೆ ನಿಂತುಬಿಟ್ಟಿದ್ದಳು. "ಇದು ನಮ್ಮೂರ ಅಜ್ಜಯ್ಯನ ಗದ್ದುಗೆ ಬಾಗಿಲು. ಇದನ್ನ ದಾಟಿ ಬಂದು ನಾನು ಪಾಯಸ ಉಣ್ಣಾಕಿಲ್ಲ," ಎಂದಿದ್ದಳು.

ಬ್ರಹ್ಮಸಮುದ್ರದ ಕಡೆಯ ಆ ಹಳ್ಳಿ ಸೋಮಶೇಖರಪ್ಪನವರ ಹುಟ್ಟೂರೂ ಹೌದು. ಗದ್ದುಗೆಯ ರಿಪೇರಿ ಕಮಿಟಿಗೆ ಅವರೇ ಅಧ್ಯಕ್ಷರು. ಕೆಲಸ ನಡೆಯುವಾಗ ಬಿಚ್ಚಿ ಪಕ್ಕದ ಕೋಣೆಯಲ್ಲಿಟ್ಟಿದ್ದ ಬಾಗಿಲುವಾಡ ಕಾಣೆಯಾಗಿತ್ತು. ಅದು ಅಧ್ಯಕ್ಷರ ಮನೆಯಲ್ಲೇ ಸಿಕ್ಕಿತು ಎಂದಮೇಲೆ ಊರಿನವರು ಇನ್ನೇನು ಅಂದುಕೊಳ್ಳಬೇಕು? ನಾಳೆ ಬೆಳಿಗ್ಗೆ ಗದ್ದುಗೆಯ ಮುಂದೆ ಊರು ಸೇರುತ್ತದೆ. ಯಾರು ಕದ್ದರು ಎಂದು ಅವರು ಹೇಳಬೇಕು. ಹೇಳದಿದ್ದರೆ ಕದ್ದವರು ಅವರೇ. ಅದಕ್ಕೇ ತ್ರಿವೇಣಿ ಕದಿರಮ್ಮನ ಮೊರೆ ಹೋಗಿದ್ದಳು.

"ಮುರಳೀ, ಇಲ್ಲಿ ಬಾಪ್ಪ," ಎಂದು ಕದಿರಮ್ಮ ಕರೆದಳು.

ಅಂಗಡಿಯ ಮುರಳೀಕೃಷ್ಣ ಅಳತೆ ಟೇಪು ಹಿಡಿದು ಬಂದವನು ಇವಳನ್ನು ಕಂಡು ತಡೆದು ನಿಂತ. "ಏಮಕ್ಕಾ, ನೀವಾ? ಫೋನ್ ಮಾಡಿದ್ರೆ ನಾನೇ ಬತ್ತಿದ್ನಲ್ಲ."

"ಈಯಮ್ಮನಿಗೆ ಮಾರಿದ ಬಾಗಿಲುವಾಡ ಎಲ್ಲಿಂದ ಬಂತು?"

"ಹಿಂದೂಪುರದ್ದೇ. ನೇಕಾರರ ಬೀದಿಲಿ ಕೆಡವಿದ ಮನೇದು ಅಂದ್ರು."

"ಅಂದ್ರು ಅಂದ್ರೆ ಯಾರು?"

"ತಂದೋರು."

"ಮುರಳೀ, ನಾನು ಆ ಬೀದಿ ಸೊಸೆ. ನಮ್ಮ ಬೀದೀಲಿ ಯಾವ ಮನೆ ಬಾಗಿಲ ಮೇಲೆ ಜೋಡಿ ನಂದಿ ಐತೆ, ತೋರ್ಸು ನಡಿ."

ಅವನು ಟೇಪನ್ನು ಒಂದಿಷ್ಟು ಎಳೆದು ಬಿಟ್ಟ. ಅದು ಟಪ್ಪೆಂದು ಒಳಗೆ ಹೋಯಿತು.

"ನಿನ್ನೆ ನೋಡ್ಕೊಂಡು ಬಂದೀನಿ," ಎಂದಳು ಕದಿರಮ್ಮ. "ಬಣ್ಣ ಕೆರೆದಿದ್ರೂ ನಿಲುಗಂಬದ ಬಳ್ಳಿ ಕೆತ್ತನೆ ಸಂದೀಲಿ ವಿಭೂತಿ ಕಲ್ಲಾಗಿ ಕೂತೈತೆ. ಮನೆ ಬಾಗಿಲಿಗೆ ಅರಿಶಿನ ಕುಂಕುಮ ಹಚ್ತಾರೆ. ಹಣೆ ಒತ್ತಿ ಒತ್ತಿ ವಿಭೂತಿ ಮೆತ್ತೋದು ಗದ್ದುಗೇಲಿ."

"ಆದ್ರೆ ಅಕ್ಕಾ," ತ್ರಿವೇಣಿ ನಡುವೆ ಬಾಯಿ ಹಾಕಿದಳು. ಈ ಒಂದು ಮಾತನ್ನು ಅವಳು ಎದೆಗೆ ಅವುಚಿಕೊಂಡಿದ್ದಳು. "ಗದ್ದುಗೆ ಬಾಗಿಲು ಗಿಡ್ಡ. ಎಲ್ಲಾರೂ ಬಗ್ಗೇ ಹೋಗ್ಬೇಕು. ನಮ್ಮನೇದು ಎತ್ತರ ಐತಲ್ಲ. ಅದೂ ಇದೂ ಒಂದೇ ಹೆಂಗಾಗ್ತದೆ?"

"ಆ ವಿಭೂತಿ ಈಗ ಎಲ್ಲೈತೆ ನೋಡಿದ್ಯಾ? ನೆಟ್ಟಗೆ ನಿಂತೋನ ಹಣೆ ಮಟ್ಟಕ್ಕೆ. ನೆಟ್ಟಗೆ ನಿಂತು ಯಾರಮ್ಮ ಹಣೆ ಒತ್ತೋದು? ಬಗ್ಗಿ ಒತ್ತಿದ್ದು ಮ್ಯಾಲಕ್ಕೆ ಹೋಗೈತೆ ಅಂದ್ರೆ, ಯಾರೋ ಕೆಳಗೆ ತುಂಡು ಸೇರಿಸಿ ಎತ್ತರ ಮಾಡವ್ರೆ."

ತ್ರಿವೇಣಿಯ ಮುಖ ಇಳಿಯಿತು. ಇದ್ದ ಒಂದು ಆಸೆಯೂ ಹೋಯಿತು. ಕದಿರಮ್ಮನಿಗೆ ಪಾಪ ಎನ್ನಿಸಿತು. ಆದರೆ ಸುಳ್ಳು ಸಮಾಧಾನ ಹೇಳಿದರೆ ನಾಳೆ ಬೆಳಿಗ್ಗೆ ಅದು ಇನ್ನೂ ದೊಡ್ಡ ನೋವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಎರಡೂ ನಿಲುಗಂಬದ ಬುಡಕ್ಕೆ ಹಿತ್ತಾಳೆ ತಗಡು ಹೊದಿಸಿದ್ಯಲ್ಲ ಮುರಳೀ. ಸೇರಿಸಿದ ಗುರುತು ಮುಚ್ಚೋಕೇ ತಾನೇ?"

"ನಾನು ಹೊದಿಸ್ಲಿಲ್ಲಕ್ಕಾ, ನಿಜವಾಗ್ಲೂ. ಗುರುತು ಮುಚ್ಚೋಕೆ ಒಂಚೂರು ಪಾಲಿಶ್ ಸಾಕಿತ್ತು. ತಂದೋನೇ ಹಠ ಹಿಡ್ದು ಹೊದಿಸ್ದ. ಅದಕ್ಕೆ ಬೇರೆ ಕೂಲೀನೂ ಕೇಳ್ಲಿಲ್ಲ."

"ಯಾಕಂತೆ?"

ಮುರಳೀಕೃಷ್ಣ ಟೇಪನ್ನು ಜೇಬಿಗೆ ತುರುಕಿದ. "ಅಲ್ಲಿ ಯಾರ ಕಾಲೂ ತಗಲಬಾರ್ದು ಅಂದ."

"ಹೂನಕ್ಕಾ!" ತ್ರಿವೇಣಿಗೆ ನೆನಪಾಯಿತು. "ಕೂರಿಸೋಕೆ ಬಂದೋನು ಧೂಳಿಗೆ ಅಂತ ಮುಖಕ್ಕೆ ಬಟ್ಟೆ ಕಟ್ಕೊಂಡಿದ್ದ. ಗಾರೆಯೋನು ಅಲ್ಲಿ ಕಾಲಿಟ್ಟಿದ್ದಕ್ಕೆ ಜಗಳಾನೇ ಆಡ್ಬುಟ್ಟ. ಹಿತ್ತಾಳೆ ಮಾಸ್ತದೆ ಅಂತ ಬೈತಾನೆ ಅಂದ್ಕೊಂಡೆ."

"ತಂದೋನೂ ಕೂರಿಸಿದೋನೂ ಒಬ್ನೇ. ಅಲ್ವೇನೋ?"

"ಒಬ್ನೇ."

"ಹೆಸರು?"

ಮುರಳೀಕೃಷ್ಣ ನೆಲ ನೋಡಿದ. "ವದ್ದಕ್ಕಾ. ಅಡಗೊದ್ದು, ಕೇಳ್ಬ್ಯಾಡಿ. ಆ ಹೆಸರು ನನ್ ಬಾಯಿಂದ ಬರಾದಿಲ್ಲ."

ಕದಿರಮ್ಮ ದನಿ ಎತ್ತಿದಳು. ಒರಳಿನ ಹತ್ತಿರ ನಿಂತವರಿಗೂ ಕೇಳಲಿ ಎಂದೇ ಎತ್ತಿದಳು. "ದೇವರ ಬಾಗಿಲು ಮಾರಿ ಅನ್ನ ಉಣ್ಣೋಕೆ ಬಾಯಿ ಬತ್ತದೆ, ಹೆಸರು ಹೇಳೋಕೆ ಬರಲ್ವಾ? ಹೆಸರು ಬ್ಯಾಡ ಬಿಡು. ಯಾರ ಮಗ ಅಂತ ಹೇಳು, ಸಾಕು!"

ಸರ್ವಿಸ್ಸಿನುದ್ದಕ್ಕೂ ಕಳ್ಳರ ಮುಂದೆ ಅವಳು ಇಟ್ಟ ಮೊದಲ ಪ್ರಶ್ನೆ ಅದು. ಲಾಠಿಗೆ ಬಗ್ಗದವರೂ ಅದಕ್ಕೆ ಬಗ್ಗುತ್ತಿದ್ದರು. ತನ್ನ ಹೆಸರನ್ನು ಯಾವ ಕಳ್ಳನಾದರೂ ಲೀಲಾಜಾಲವಾಗಿ ಹೇಳುತ್ತಾನೆ, ಅಪ್ಪ ಅಮ್ಮನ ಹೆಸರು ಬಂದಾಗ ತಲೆ ತಗ್ಗಿಸುತ್ತಾನೆ.

ಬೆಂಗಳೂರಿನ ಗಂಡಹೆಂಡಿರು ಒರಳು ಬಿಟ್ಟು ಕಾರಿನ ಕಡೆ ನಡೆದರು. ಮುರಳೀಕೃಷ್ಣ ಅವರನ್ನು ತಡೆಯಲಿಲ್ಲ. ತಲೆ ಎತ್ತಲೂ ಇಲ್ಲ.

"ಸರಿ, ಹೆಸರು ನಿನ್ನ ಹೊಟ್ಟೇಲೇ ಇರ್ಲಿ," ಎಂದಳು ಕದಿರಮ್ಮ, ದನಿ ಇಳಿಸಿ. "ಕೂರಿಸಿದ ಕೈಯೇ ಬಿಚ್ಚಲಿ. ಕಲ್ಯಾಣದುರ್ಗದೋರು ಬಾಗಿಲು ವಾಪಸ್ ಕೊಡ್ತಾರಂತೆ, ಹೋಗಿ ಬಿಚ್ಕೊಂಡು ಬಾ ಅಂತ ಅವನಿಗೆ ಹೇಳು. ಇವತ್ತೇ. ನಾನು ಅಲ್ಲಿರ್ತೀನಿ ಅಂತ ಬಾಯಿ ಬಿಟ್ಯೋ, ಸಂಜೆಗೆ ಸ್ಟೇಷನ್ನಲ್ಲಿ ನೀನೇ ಉತ್ತರ ಹೇಳ್ಬೇಕಾಗ್ತದೆ."

"ಅಕ್ಕಾ, ಇನ್ನೊಂದು ಸಲ ಯೋಚ್ನೆ ಮಾಡಿ."

"ಮಾಡಾಯ್ತು."

ಅವನು ಆಗ ಅವಳ ಮುಖ ನೋಡಿದ. ಸಿಕ್ಕಿಬಿದ್ದವನ ನೋಟವಲ್ಲ ಅದು. ಸಾವಿನ ಸುದ್ದಿ ಹೊತ್ತು ಬಂದವನು, ಒಳಗೆ ನಗುನಗುತ್ತಾ ಮಾತಾಡುತ್ತಿರುವ ಮನೆಯವರನ್ನು ಬಾಗಿಲಲ್ಲಿ ನಿಂತು ನೋಡುವ ನೋಟ. ಬೇರೆ ದಿನವಾಗಿದ್ದರೆ ಕದಿರಮ್ಮ ಅದನ್ನು ಓದಿಬಿಡುತ್ತಿದ್ದಳು. ಬಲೆ ಹಾಕಿದ ಖುಷಿಯಲ್ಲಿ ಆ ದಿನ ಅವಳ ಕಣ್ಣಿಗೆ ಅದು ಬೀಳಲಿಲ್ಲ.

ಮಧ್ಯಾಹ್ನ ಕದಿರಮ್ಮ, ತ್ರಿವೇಣಿ ಕಲ್ಯಾಣದುರ್ಗ ತಲುಪಿದರು. ಸೋಮಶೇಖರಪ್ಪನವರ ಮನೆಯಲ್ಲಿ ಈಗ ಎಲ್ಲರೂ ಅಡುಗೆಮನೆಯ ಬಾಗಿಲಿನಿಂದ ಓಡಾಡುತ್ತಿದ್ದರು. ಮುಂಬಾಗಿಲು ಹಗಲಿಡೀ ತೆರೆದೇ ಇರುತ್ತಿತ್ತು, ಹಾಯುವವರು ಮಾತ್ರ ಇಲ್ಲ. ಹಾಲಿನವನೂ ವಿಷಯ ತಿಳಿದು ಸುತ್ತಿ ಹಿಂದಕ್ಕೆ ಬರುತ್ತಿದ್ದ. ಕಡಲೇಕಾಯಿ ಮಂಡಿಯಲ್ಲಿ ಎಲ್ಲರೂ ಎದ್ದು ನಿಂತು ಮಾತಾಡಿಸುತ್ತಿದ್ದ ಮನುಷ್ಯ, ತಮ್ಮ ಮನೆಗೆ ತಾವೇ ಹಿತ್ತಲಿಂದ ಬರುತ್ತಿದ್ದರು.

ಮುಂಬಾಗಿಲ ಮೆಟ್ಟಿಲ ಮೇಲೆ ಸರ್ವಮಂಗಳಮ್ಮ ಕೂತಿದ್ದಳು. ಬೆಳಿಗ್ಗೆಯ ಬಸ್ಸಿಗೆ ಬಂದಿದ್ದಳಂತೆ. ಒಳಗೂ ಹೋಗದೆ, ಊರಿಗೂ ಹೋಗದೆ ಅಲ್ಲೇ ಇದ್ದಳು.

"ನಾನು ಹೇಳಿದ್ದು ಸುಳ್ಳಲ್ಲ ಕಣಮ್ಮ," ಎಂದಳು ಕದಿರಮ್ಮನಿಗೆ. "ಆದ್ರೆ ಹೇಳಿದ ಜಾಗ ತಪ್ಪು. ಪಕ್ಕಕ್ಕೆ ಕರ್ದು ಸೋಮಣ್ಣನ ಕಿವೀಲಿ ಹೇಳ್ಬೇಕಿತ್ತು. ಅಷ್ಟು ಜನದ ಮುಂದೆ ಅಂದ್ಬುಟ್ಟೆ. ಅವತ್ತಿಂದ ನಂಗೂ ತುತ್ತು ಇಳೀವಲ್ದು."

"ಗುರುತು ಹೆಂಗೆ ಹಿಡಿದ್ರಿ, ದೊಡ್ಡಮ್ಮ?"

"ಬಲಗಡೆ ನಂದಿ ಕಿವಿ ಮುರಿದೈತೆ, ನೋಡು. ನಾನು ಸೊಸೆಯಾಗಿ ಬಂದಾಗ ಬರೀ ಮರ ಇತ್ತು. ಆಮ್ಯಾಕೆ ಬಣ್ಣದ ಮ್ಯಾಲೆ ಬಣ್ಣ ಬಳಿದು ನಂದಿ ಉಂಡೆ ಆಗೋಯ್ತು. ಈ ಕಾಲದೋರು ಯಾರೂ ಆ ಕಿವಿ ಕಂಡಿರ್ಲಿಲ್ಲ, ಈಗ ಬಣ್ಣ ಕೆರೆದ ಮ್ಯಾಲೆ ಕಾಣ್ತೈತೆ."

ಸೋಮಶೇಖರಪ್ಪನವರು ಮನೆಯ ಮಗ್ಗುಲಿನಿಂದ ಸುತ್ತಿ ಬಂದು, ಬಾಗಿಲಿಗೆ ಎದುರಾಗದಂತೆ ಪಕ್ಕದಲ್ಲಿ ನಿಂತಿದ್ದರು. "ನೋಡಮ್ಮ, ಊರೋರು ಅದನ್ನೇ ಕೇಳ್ತಾರೆ. ದಿನಾ ಹೋಗಿ ಬರೋ ಬಾಗಿಲ ಗುರುತು ಸಿಗಲಿಲ್ವಾ ಅಂತ. ಬುದ್ಧಿ ಬಂದಾಗಿಂದ ಅಲ್ಲಿ ಬಗ್ಗಿ ಹೋಗೀನಿ. ಬಗ್ಗೋನು ಬಾಗಿಲು ನೋಡ್ತಾನಾ? ಹೇಳಿದ್ರೆ ಯಾರು ನಂಬ್ತಾರೆ?"

"ನಾನು ನಂಬ್ತೀನಿ."

"ನೀವೊಬ್ರು ನಂಬಿದ್ರೆ..."

"ಇವತ್ತು ಅವನು ತಾನಾಗೇ ಬತ್ತಾನೆ, ಸೋಮಣ್ಣ. ನಾಳೆ ಗದ್ದುಗೆ ಮುಂದೆ ಅವನ್ನೇ ನಿಲ್ಸಣ. ಯಾರ ಮಗ ಅಂತ ಊರು ಕೇಳ್ಲಿ, ಅವನೇ ಹೇಳ್ಲಿ."

ಅವರು ಎರಡೂ ಕೈ ಮುಗಿದರು. ತನಗಿಂತ ಹಿರಿಯರು ಹಾಗೆ ಮುಗಿದದ್ದು ಕದಿರಮ್ಮನಿಗೆ ಮುಜುಗರವಾಯಿತು. ಸ್ಕ್ರೂಡ್ರೈವರ್ ಕೇಳಿ ತರಿಸಿಕೊಂಡು ಬಾಗಿಲ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತಳು. ತ್ರಿವೇಣಿ ಕಾಫಿ ಮಾಡಲು ಹಿತ್ತಲಿಂದ ಒಳಗೆ ಹೋದಳು, ಸೋಮಶೇಖರಪ್ಪನವರೂ ಅತ್ತ ನಡೆದರು.

ಹಿತ್ತಾಳೆ ತಗಡನ್ನು ಅಚ್ಚುಕಟ್ಟಾಗಿ ಹೊದಿಸಿದ್ದ. ಅಂಚು ಮಡಚಿ, ಕೈಗೆ ತರಚದಂತೆ ಉಜ್ಜಿದ್ದ. ಮೊಳೆ ಹೊಡೆದಿರಲಿಲ್ಲ. ಸಣ್ಣ ತಿರುಪುಗಳನ್ನು ಹಾಕಿದ್ದ, ಅದೂ ಮರಕ್ಕೆ ತಾಕದ ಹಾಗೆ ಅಂಚಿನ ಸಂದಿಯಲ್ಲಿ. ಮರಕ್ಕೆ ನೋವಾಗದಿರಲಿ ಎಂದು ಯೋಚಿಸಿದ ಕೈ. ಕಳ್ಳನಿಗೆ ಇಷ್ಟು ನಯ ಯಾಕೆ ಎಂದುಕೊಂಡಳು.

ತಗಡು ಬಿಟ್ಟುಕೊಂಡಿತು.

ಒಳಗೆ ಒಂದು ಮೊಳದ ತುಂಡು. ಮೇಲಿನ ನಿಲುಗಂಬದ ಮರ ಕರಿ, ಇದು ಕೆಂಚು. ಮಧ್ಯದಲ್ಲಿ ಓರೆಯಾಗಿ ಒಂದು ತೋಡು ಸವೆದಿತ್ತು, ಹಗ್ಗ ಹಾಯ್ದು ಹಾಯ್ದು ಬಿದ್ದದ್ದು. ಬಾಗಿಲಿಗೆ ಅಂಥ ಸವೆತ ಬರುವುದಿಲ್ಲ. ಹಾಸಿನ ನೂಲನ್ನು ಎಳೆದು ಬಿಗಿಯುವ ಹಗ್ಗ ತಲೆಮಾರುಗಟ್ಟಲೆ ಉಜ್ಜಿದರೆ ಮಗ್ಗದ ಕಂಬಕ್ಕೆ ಬರುತ್ತದೆ.

ಮಗ್ಗದ ಮರ.

ಈಗ ಎಲ್ಲವೂ ಸರಿಯಾಗಿ ಕೂತಿತು. ಮಗ್ಗದ ಮರಕ್ಕೆ ಕಾಲು ತಗಲಿಸುವುದಿಲ್ಲ. ತಗಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಇದು ನೇಕಾರರ ಮನೆಯ ಮಕ್ಕಳಿಗೆ ನಡೆಯಲು ಕಲಿಯುವ ಮುಂಚೆಯೇ ಗೊತ್ತು. ಅನ್ಯರ ದೇವರ ಬಾಗಿಲನ್ನು ಕಿತ್ತು ಮಾರಲು ಹೆದರದವನು, ತನ್ನ ಮಗ್ಗದ ತುಂಡಿಗೆ ಜನರ ಕಾಲು ತಾಗುತ್ತದೆಂದು ಹೆದರಿ ಹಿತ್ತಾಳೆ ಹೊದಿಸಿದ್ದ. ಕಳ್ಳ ನೇಕಾರರ ಮನೆಯವನು. ತನ್ನ ಬೀದಿಯವನೇ ಇರಬೇಕು.

ಅಷ್ಟರಲ್ಲಿ ತುಂಡಿನ ಕೆಳಗಡೆ ಏನೋ ಮಿನುಗಿತು.

ಮರದ ಗಂಟು ಉದುರಿದ ತೂತಿಗೆ ಯಾರೋ ಅರಗು ತುಂಬಿದ್ದರು. ಅರಗಿನ ನಡುವೆ ಒಂದು ಬಳೆಚೂರು ಒತ್ತಿದ್ದರು. ಹಸಿರು ಗಾಜು.

ಮದುವೆಯಾದ ಹೊಸದರಲ್ಲಿ ಹಾಸು ಬಿಗಿಯುವಾಗ ಅವಳ ಬಳೆ ಒಡೆದಿತ್ತು. ಅಳುವಂತಾದವಳನ್ನು ನೋಡಿ ಸುಬ್ಬರಾಯಪ್ಪ ನಕ್ಕು, ಆ ಚೂರನ್ನೇ ಕಂಬದ ತೂತಿನಲ್ಲಿ ಕೂರಿಸಿದ್ದ. "ಇನ್ಮೇಲೆ ಮಗ್ಗಾನೂ ಬಳೆ ತೊಟ್ಟೈತೆ, ನಿನ್ನ ಜೊತೆಗಾತಿ," ಎಂದಿದ್ದ.

ಕದಿರಮ್ಮ ಆ ಚೂರಿನ ಮೇಲೆ ಬೆರಳಿಟ್ಟಳು.

ಗೆದ್ದಲು ತಿಂತಮ್ಮ, ಎಂದಿದ್ದ ಮಗ ಸಾಯಿಕುಮಾರ್. ಗೂಡ್ಸ್ ಆಟೋದಲ್ಲಿ ಗ್ರಾನೈಟ್ ಲೋಡ್ ಹೊಡೆಯುತ್ತೇನೆ, ಎಂದಿದ್ದ. ಕಾಲು ತಗಲಿಸಬ್ಯಾಡ ಕಣ್ಲಾ, ಎಂದು ಅವನು ತೆವಳುವಾಗಲೇ ಕಲಿಸಿದವಳು ತಾನೇ. ಆ ಒಂದು ಪಾಠ ಮಾತ್ರ ಅವನು ಮರೆತಿರಲಿಲ್ಲ.

ಮುರಳೀಕೃಷ್ಣನ ನೋಟದ ಅರ್ಥ ಈಗ ಹೊಳೆಯಿತು. ಗಿರಾಕಿಗಳೆದುರು ಬೈಸಿಕೊಂಡು, ವ್ಯಾಪಾರವನ್ನೂ ಕಳೆದುಕೊಂಡು, ಅವನು ಮುಚ್ಚಿಟ್ಟಿದ್ದು ಅವಳ ಮಾನವನ್ನೇ. ಯಾರ ಮಗ ಅಂತ ಹೇಳು ಎಂದು ಅವಳು ಗಂಟಲು ಹರಿಯುವಂತೆ ಕೇಳಿದ್ದಳು.

ಮೆಟ್ಟಿಲ ಮೇಲಿನ ಮುದುಕಿಗೆ ತನ್ನ ಬೆನ್ನೇ ಎಲ್ಲವನ್ನೂ ಹೇಳುತ್ತಿದೆಯೇನೋ ಎನ್ನಿಸಿತು.

ಸೆರಗಿನ ಮರೆಯಲ್ಲಿ ಫೋನ್ ತೆಗೆದಳು. ಒಂದು ಮಾತು ಸಾಕು. ಬರಬ್ಯಾಡ ಕಣ್ಲಾ, ಗಾಡಿ ತಿರುಗಿಸು. ಅವನು ಬರುವುದಿಲ್ಲ. ಕಳ್ಳ ಬರಲಿಲ್ಲ ಎಂದು ಇವರಿಗೆ ಹೇಳಿದರಾಯಿತು. ಹಿತ್ತಾಳೆಯನ್ನು ಮತ್ತೆ ಹೊದಿಸಿದರಾಯಿತು.

ತೆರೆದ ಮುಂಬಾಗಿಲಿನಿಂದ ನಡುಮನೆ, ಅಡುಗೆಮನೆ ದಾಟಿ ಹಿತ್ತಲವರೆಗೂ ಕಾಣುತ್ತಿತ್ತು. ಅಲ್ಲಿ ಸೋಮಶೇಖರಪ್ಪನವರು ನಲ್ಲಿಯ ಕೆಳಗೆ ಕಾಲು ತೊಳೆದುಕೊಂಡು, ಪಂಚೆ ಎತ್ತಿ ಹಿಡಿದು, ಪಾತ್ರೆಗಳ ಪಕ್ಕದಿಂದ ಜಾಗ ಮಾಡಿಕೊಂಡು ಒಳಗೆ ಬರುತ್ತಿದ್ದರು. ಸ್ವಂತ ಮನೆಗೇ ಸಾಲ ಕೇಳಲು ಬಂದವರಂತೆ ಮೈ ಕುಗ್ಗಿಸಿಕೊಂಡು.

ಕದಿರಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಗಡನ್ನು ಗೋಡೆಗೆ ಒರಗಿಸಿಟ್ಟಳು. ಹೊದಿಸಲು ಕೈ ಏಳಲಿಲ್ಲ.

ಬೀದಿಯ ತಿರುವಿನಲ್ಲಿ ಗೂಡ್ಸ್ ಆಟೋ ಸದ್ದು ಕೇಳಿತು. ಆ ಸೈಲೆನ್ಸರಿನ ಕೆಮ್ಮು ಅವಳಿಗೆ ಗೊತ್ತು. ದಿನಾ ರಾತ್ರಿ ಅದು ಕೇಳಿಸಿದ ಮೇಲೆಯೇ ಅವಳು ಸಾರು ಬಿಸಿ ಮಾಡುತ್ತಿದ್ದುದು.

ಮೊದಲು ಯೋಚಿಸಿದ್ದಂತೆಯೇ ಅವಳು ಅಡುಗೆಮನೆಯ ಕಡೆಯಿಂದ ಸುತ್ತಿ ಒಳಗೆ ಬಂದು, ಬಾಗಿಲ ಹಿಂದಿನ ಮಬ್ಬಿನಲ್ಲಿ ನಿಂತಳು. ಕಳ್ಳನನ್ನು ಹಿಡಿಯಲು ಹುಡುಕಿಟ್ಟುಕೊಂಡ ಜಾಗ. ಈಗ ಅಡಗಿ ನಿಂತವಳು ತಾನೇ ಎನ್ನಿಸಿತು.

ಸಾಯಿಕುಮಾರ್ ಸಾಮಾನಿನ ಚೀಲ ಹಿಡಿದು ಗೇಟು ತೆಗೆದ. ಮುಖಕ್ಕೆ ಕಟ್ಟಿದ್ದ ಬಟ್ಟೆ ಕೊರಳಿಗೆ ಜಾರಿತ್ತು.

"ಮುರಳಿಯಣ್ಣ ಕಳ್ಸಿದ್ರು," ಎಂದ ಮೆಟ್ಟಿಲ ಮೇಲಿದ್ದ ಮುದುಕಿಗೆ. "ಬಾಗಿಲು ಬಿಚ್ಬೇಕಂತೆ."

"ಬಿಚ್ಚಪ್ಪ. ಹುಷಾರು, ದೇವರ ಬಾಗಿಲು."

ಅವನು ಹತ್ತಿರ ಬಂದ. ಬುಡದಲ್ಲಿ ಹಿತ್ತಾಳೆ ಇಲ್ಲದಿರುವುದನ್ನು ಕಂಡು ನಿಂತ. ಗೋಡೆಗೆ ಒರಗಿಸಿದ್ದ ತಗಡನ್ನು ನೋಡಿದ. ಓಡಬಹುದಿತ್ತು. ಗೇಟು ತೆರೆದೇ ಇತ್ತು.

ಅವನು ಓಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಚಪ್ಪಲಿ ಬಿಟ್ಟ. ಮಂಡಿಯೂರಿ ಆ ಕೆಂಚು ಮರವನ್ನು ಬೆರಳ ತುದಿಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅವನಪ್ಪ ಪ್ರತಿದಿನ ಮಗ್ಗಕ್ಕೆ ಕೂರುವ ಮುಂಚೆ ಮಾಡುತ್ತಿದ್ದಂತೆಯೇ.

ಸರ್ವಮಂಗಳಮ್ಮ ನೋಡಿದಳು. ಮುದುಕಿಯ ಕಣ್ಣಿಗೆ ಏನೂ ತಪ್ಪುವುದಿಲ್ಲ.

"ನಂದಿ ಮ್ಯಾಲೈತೆ ಕಣಪ್ಪ. ನೀನು ಕೆಳಗೆ ಮುಟ್ಟಿ ಕಣ್ಣಿಗೆ ಒತ್ಕೊಂಡ್ಯಲ್ಲ."

ಅವನು ಚೀಲ ಬಿಚ್ಚಿ ಸುತ್ತಿಗೆ ಹುಡುಕತೊಡಗಿದ.

"ಆಗ್ಲಿ ಬಿಡು, ಎಲ್ಲಿ ಮುಟ್ಟಿದ್ರೂ ಭಕ್ತಿ ಭಕ್ತೀನೇ." ಮುದುಕಿಯ ದನಿಯಲ್ಲಿ ಮೆಚ್ಚುಗೆಯಿತ್ತು. "ಒಳ್ಳೆ ಮನೇಲಿ ಬೆಳೆದೋನಂಗೆ ಕಾಣ್ತೀಯ. ಯಾರ ಮಗನಪ್ಪಾ ನೀನು?"

ಸಾಯಿಕುಮಾರ್ ತಲೆ ಎತ್ತಿದ. ಬಾಗಿಲ ಒಳಗಿನ ಮಬ್ಬಿನಲ್ಲಿ ನಿಂತ ಹೆಂಗಸಿನ ಮೇಲೆ ಅವನ ಕಣ್ಣು ನೆಟ್ಟಿತು. ನಡುವೆ ಆ ಹೊಸ್ತಿಲು, ಗೃಹಪ್ರವೇಶದ ದಿನದಿಂದ ಯಾರೂ ದಾಟದ್ದು.

ಅವನ ಮುಖದಲ್ಲಿ ಒಂದು ಕ್ಷಣ ಚಿಕ್ಕ ಹುಡುಗನ ಅಂಜಿಕೆ ಬಂದು ಹೋಯಿತು. ಆಮೇಲೆ ಕಣ್ಣನ್ನು ಅವಳಿಂದ ಕಿತ್ತು ಮುದುಕಿಯ ಕಡೆ ತಿರುಗಿದ.

"ನಂಗ್ಯಾರೂ ಇಲ್ಲಜ್ಜಿ," ಎಂದ. "ಅಪ್ಪನೂ ಇಲ್ಲ, ಅಮ್ಮನೂ ಇಲ್ಲ."

ಕದಿರಮ್ಮನ ಬೆನ್ನ ಹಿಂದೆ ಹೆಜ್ಜೆ ಸದ್ದಾಯಿತು. ಸೋಮಶೇಖರಪ್ಪನವರು ಒದ್ದೆ ಕಾಲ ಗುರುತು ಬಿಡುತ್ತಾ ನಡುಮನೆ ದಾಟಿ ಬಂದು ಅವಳ ಪಕ್ಕದಲ್ಲಿ ನಿಂತರು. ಹೊರಗಿದ್ದವನನ್ನು ದಿಟ್ಟಿಸಿ ನೋಡಿದರು.

"ಇವನೇ ಏನಮ್ಮ?" ಎಂದರು ಮೆಲ್ಲಗೆ. "ನಿಮ್ಮ ಹಿಂದೂಪುರದೋನೇ ಅಲ್ವಾ. ಇವನು ನಿಮಗೆ ಗೊತ್ತಾ?"